ಇಂಗ್ಲಿಷಿನ ‘ಸೆಟ್’ ಎಲ್ಲಿ ಯಾವ ಅರ್ಥದಲ್ಲಿ ಕೂತಿದೆ ಅಂತ ಹಿಡಿಯೋದು ಹೇಗೆ

ಗೋಕರ್ಣದಲ್ಲಿ ನಮ್ಮ ಭಾವಂದೊಂದು ಸಣ್ಣ ಹೋಟೆಲ್ ಉಂಟು, ಸೀಸನ್ನಲ್ಲಿ ನಾನೂ ಹೋಗಿ ಗಲ್ಲಾ ಮೇಲೆ ಕೂರ್ತೇನೆ. ಹೋದ ಡಿಸೆಂಬರಲ್ಲಿ ನಾಕು ಜನ ಅಮೆರಿಕದೋರು ತಿಂಡಿ ತಿಂದು ಕೂತಿದ್ರು, ಸಪ್ಲೈ ಹುಡ್ಗ ಹೋಗಿ ಇನ್ನೇನಾದ್ರೂ ಬೇಕಾ ಅಂತ ಕೇಳ್ದ, ಅವ್ರು ನಗ್ತಾ ‘ವಿ ಆರ್ ಆಲ್ ಸೆಟ್’ ಅಂದ್ರು, ಇಂವ ಸೀದಾ ಒಳಗೆ ಬಂದು ‘ನಾಕು ಸೆಟ್ ದೋಸೇ’ ಅಂತ ಕೂಗ್ಬಿಟ್ಟ. ಹನ್ನೆರಡು ದೋಸೆ ಟೇಬಲ್ಲಿಗೆ ಹೋದ್ಮೇಲೇ ನಂಗೆ ಗೊತ್ತಾಗಿದ್ದು. ಅವ್ರ ಹತ್ರ ದುಡ್ಡು ಕೇಳೋಕೂ ಆಗ್ಲಿಲ್ಲ, ಭಾವನ ಮುಖ ನೋಡೋಕೂ ಆಗ್ಲಿಲ್ಲ.

ಅಲ್ಲಿ ‘ಆಲ್ ಸೆಟ್’ ಅಂದ್ರೆ ಸಾಕಪ್ಪಾ, ಇನ್ನೇನೂ ಬೇಡ ಅಂತ. ಅದೇ ಮಾತನ್ನ ಮುರುಡೇಶ್ವರಕ್ಕೆ ಹೊರಡೋಕೆ ಮುಂಚೆ ಕಾರು ಹತ್ತುವಾಗ ಹೇಳಿದ್ರೆ ಎಲ್ಲಾ ರೆಡಿ ಅಂತ ಆಗ್ತದೆ. ಹಾಗಾಗಿ ಯಾವಾಗ ಹೇಳಿದ್ರು ಅಂತ ಮೊದ್ಲು ನೋಡಿ, ಶುರುವಲ್ಲಾದ್ರೆ ರೆಡಿ, ಕೊನೇಲಾದ್ರೆ ಸಾಕು.

1989ರಲ್ಲಿ ಬಂದ ಆಕ್ಸ್‌ಫರ್ಡ್ ಡಿಕ್ಷನರಿಯ 20 ಸಂಪುಟದ ಎರಡನೇ ಆವೃತ್ತೀಲಿ ಎಲ್ಲಕ್ಕಿಂತ ಉದ್ದದ ವಿವರಣೆ ಇದ್ದಿದ್ದು ಈ ಸೆಟ್‌ಗೇ, ಕ್ರಿಯಾಪದಕ್ಕೆ ಒಂದಕ್ಕೇ 430 ಅರ್ಥ. ಅದನ್ನ ಬಾಯಿಪಾಠ ಮಾಡೋಕೆ ಹೋಗ್ಬೇಡಿ ಮಾರಾಯ್ರೇ, ನಾನು ಹೋಗಿ ಮೂರನೇ ದಿನಕ್ಕೆ ಬಿಟ್ಟೆ.

ನಂಗೆ ಉಪಯೋಗಕ್ಕೆ ಬಂದಿದ್ದು ಒಂದೇ ಉಪಾಯ. ‘ಸಿಟ್’ ಅಂದ್ರೆ ಕೂರು, ‘ಸೆಟ್’ ಅಂದ್ರೆ ಕೂರಿಸು, ಹುಟ್ಟಿನಲ್ಲೇ ಆ ಎರಡು ಶಬ್ದದ ಸಂಬಂಧ ಹಾಗೇ ಇರೋದು. ಈಗ ನಮ್ಮ ಮಾತು ನೋಡಿ, ಚೌತಿಗೆ ಗಣಪತಿ ಕೂರಿಸ್ತೇವೆ, ಅಕ್ಕಸಾಲಿಗ ಉಂಗುರಕ್ಕೆ ಹರಳು ಕೂರಿಸ್ತಾನೆ, ಕಾಲು ಮುರಿದ್ರೆ ಮೂಳೆ ಕೂರಿಸ್ತಾರೆ. ಹರಳಿಗೂ ಮೂಳೆಗೂ ಇಂಗ್ಲಿಷಲ್ಲೂ ಸೆಟ್ಟೇ! ಅಲಾರಂ ಸೆಟ್ ಮಾಡೋದು ಅಂದ್ರೆ ಮುಳ್ಳನ್ನ ಐದು ಗಂಟೆ ಮೇಲೆ ಕೂರಿಸೋದು, ರೇಟ್ ಸೆಟ್ ಮಾಡೋದು ಅಂದ್ರೆ ರೇಟನ್ನ ಒಂದು ಕಡೆ ಕೂರಿಸೋದು. ಹಾಗಾಗಿ ಸೆಟ್ ಕಂಡಲ್ಲಿ ಮೊದ್ಲು ‘ಕೂರಿಸು’ ಹಾಕಿ ನೋಡಿ, ಸುಮಾರು ಕಡೆ ದಾರಿ ಸಿಗ್ತದೆ.

ಕೆಲವು ತಾನಾಗೇ ಕೂರ್ತವೆ. ಸಿಮೆಂಟು, ಮೊಸರು ಸೆಟ್ ಆಗೋದು ಅಂದ್ರೆ ಗಟ್ಟಿಯಾಗೋದು. ಅಚ್ಚಿನ ಬೆಲ್ಲ ಸೆಟ್ ಆಗ್ತದೆ, ನಮ್ಮ ಶಿರಸಿ ಕಡೆಯ ಪಾಕದ ಥರ ತೆಳ್ಳಗಿರೋ ಜೋನಿಬೆಲ್ಲ ಸೆಟ್ ಆಗೋದಿಲ್ಲ, ಸೆಟ್ ಆಯ್ತು ಅಂದ್ರೆ ಅದು ಜೋನಿಬೆಲ್ಲವೇ ಅಲ್ಲ (ದೋಸೆಗೆ ತುಪ್ಪದ ಜೊತೆ ಅದೇ ಬೇಕು, ಬೇರೆ ಮಾತಿಲ್ಲ). ಸೂರ್ಯನೂ ಇದೇ ಗುಂಪು. ನಾವು ಹೊತ್ತು ಕಂತಿತು ಅಂತೇವೆ, ಇಂಗ್ಲಿಷಲ್ಲಿ ದ ಸನ್ ಸೆಟ್.

ಹಾಗಾದ್ರೆ ಸೆಟ್ ದೋಸೆ, ಪಂಪ್‌ಸೆಟ್ಟು, ಸ್ಟೀಲ್ ಡಬ್ಬಿ ಸೆಟ್ಟು? ಅದಕ್ಕೆ ಕೂರಿಸು ಹೊಂದೋದಿಲ್ಲ, ಯಾಕಂದ್ರೆ ಆ ಸೆಟ್ಟಿನ ಮೂಲವೇ ಬೇರೆ. ಹಳೇ ಫ್ರೆಂಚಿನಿಂದ ಬಂದಿದ್ದು, ಅದರ ಹಿಂದೆ ಪಂಗಡ ಅನ್ನೋ ಅರ್ಥದ ಲ್ಯಾಟಿನ್ ಶಬ್ದ ಉಂಟು, ಆಮೇಲೆ ಎರಡೂ ಕೇಳೋಕೆ ಒಂದೇ ಥರ ಆಗ್ಹೋದ್ವು. ‘ಎ ಸೆಟ್ ಆಫ್’ (of) ಅಂತ ಬಂದ್ರೆ ಕಣ್ಮುಚ್ಚಿ ಒಟ್ಟಿಗಿರೋ ಗುಂಪು ಅಂತ ತಗೊಳ್ಳಿ.

ನಿಜವಾಗ್ಲೂ ಕಾಡೋದು ಬಾಲ. ಸೆಟ್ಟಿನ ಹಿಂದೆ ಒಂದು ಪುಟ್ಟ ಶಬ್ದ ಅಂಟ್ಕೊಂಡ್ರೆ ಕೂರಿಸೋದನ್ನ ಮರೆತು ಬಾಲ ಹಿಡೀಬೇಕು. ಮಾನ್ಸೂನ್ ‘ಸೆಟ್ ಇನ್’ ಆಯ್ತು ಅಂದ್ರೆ ಮಳೆಗಾಲ ಹಿಡೀತು. ‘ಸೆಟ್ ಆಫ್’ (off) ಅಂದ್ರೆ ಹೊರಟ್ರು, ಆದ್ರೆ ಮುಂದೆ ಪಟಾಕಿ ಅಂತ ಇದ್ರೆ ಹಚ್ಚಿದ್ರು. ‘ಸೆಟ್ ಅಪ್’ ಅಂಗಡಿಗಾದ್ರೆ ಹಾಕೋದು, ಮನುಷ್ಯನಿಗಾದ್ರೆ ಸಿಕ್ಕಿಸಿ ಹಾಕೋದು. ಎಲ್ಲಕ್ಕಿಂತ ಹುಷಾರಾಗಿರ್ಬೇಕಾದ್ದು ‘ಸೆಟ್ ಅಸೈಡ್’. ದುಡ್ಡು ಸೆಟ್ ಅಸೈಡ್ ಮಾಡಿದ್ರೆ ಎತ್ತಿಟ್ಟ ಹಾಗೆ, ಕೋರ್ಟು ಒಂದು ಆರ್ಡರನ್ನ ಸೆಟ್ ಅಸೈಡ್ ಮಾಡಿದ್ರೆ ಆರ್ಡರು ರದ್ದು! ನಮ್ಮ ದಾಯಾದಿಯೊಬ್ರು ತೋಟದ ಕೇಸಲ್ಲಿ ಆರ್ಡರ್ ಜೋಪಾನವಾಗಿ ಎತ್ತಿಟ್ಟಿದ್ದಾರೆ ಅಂತ ತಿಳ್ಕೊಂಡು ಊರೆಲ್ಲ ಸಿಹಿ ಹಂಚಿದ್ರು, ವಕೀಲ್ರು ಫೋನ್ ಮಾಡಿದ್ದು ಸಂಜೆಗೆ.

ಇನ್ನೊಂದು, ಇದಕ್ಕೆ ಭೂತಕಾಲ ಬೇರೆ ಇಲ್ಲ, ಇವತ್ತೂ ಸೆಟ್ ನಿನ್ನೇನೂ ಸೆಟ್, ಸೆಟ್ಟೆಡ್ ಅಂತ ಬರೀಬೇಡಿ. ‘ಶಿ ಸೆಟ್ಸ್ ದ ಟೇಬಲ್’ ಅಂದ್ರೆ ದಿನಾ ಊಟಕ್ಕೆ ತಟ್ಟೆ ಲೋಟ ಇಡ್ತಾಳೆ, ಆ ಸ್ ಇಲ್ದೆ ‘ಶಿ ಸೆಟ್’ ಅಂತಿದ್ರೆ ಇಟ್ಟಾಯ್ತು. ಐ, ವಿ, ದೇ ಜೊತೆ ಈ ಗುರುತೂ ಸಿಗೋದಿಲ್ಲ, ಅಲ್ಲಿ ಯೆಸ್ಟರ್ಡೇ ಥರದ್ದೇನಾದ್ರೂ ಉಂಟಾ ಅಂತ ಹುಡುಕ್ಬೇಕು.

ನಮ್ಮ ಸಪ್ಲೈ ಹುಡ್ಗಂಗೆ ಇದಿಷ್ಟೂ ಹೇಳ್ಕೊಟ್ಟೆ. ಈಗ ಫಾರಿನರ್ಸ್ ಸೆಟ್ ಅಂದ ಕೂಡ್ಲೇ ಬಗ್ಗಿ ತಟ್ಟೆ ಖಾಲಿಯಾಗಿದ್ಯಾ ಅಂತ ನೋಡಿ ಆಮೇಲೆ ಒಳಗೆ ಬರ್ತಾನೆ.