ಚೀನೀ ಮಕ್ಕಳಿಗೆ ಇಂಗ್ಲಿಷ್ ಪದ, ಹದಿಹರೆಯದ ಗದ್ಯ: ನಾನು ಕಲಿಸುವ ಕ್ರಮ

ಚೀನಾದ ಹಿರಿಯ ಪ್ರೌಢಶಾಲೆಗೆ ಬರುವ ಹದಿನೈದು ಹದಿನಾರರ ಮಕ್ಕಳಿಗೆ ಇಂಗ್ಲಿಷ್ ಪದ ಗೊತ್ತಿಲ್ಲ ಅನ್ನುವ ಹಾಗಿಲ್ಲ. ಒಂಬತ್ತನೆಯ ತರಗತಿ ಮುಗಿಯುವಷ್ಟರಲ್ಲಿ ಸುಮಾರು 1600 ಪದ ಬರಬೇಕೆಂದು ಪಠ್ಯಕ್ರಮವೇ ಹೇಳುತ್ತದೆ. ಮುಂದಿನ ಮೂರು ವರ್ಷದಲ್ಲಿ ಅದು 3000ಕ್ಕೆ ಮುಟ್ಟಬೇಕು, ಕಾಲೇಜು ಪ್ರವೇಶದ ಗಾವ್‌ಕಾವ್ ಪರೀಕ್ಷೆಗೆ ಅಷ್ಟು ಬೇಕು. ಸ್ಪೆಲ್ಲಿಂಗ್ ಕೇಳಿ, ಪಟಪಟ ಹೇಳುತ್ತಾರೆ. ಅದೇ ಪದ ಮುನ್ನೂರು ಪದಗಳ ಗದ್ಯದೊಳಗೆ ಬಂದರೆ ಮುಗ್ಗರಿಸುತ್ತಾರೆ. ಒಂದು ಇಂಗ್ಲಿಷ್ ಪದ, ಎದುರಿಗೆ ಒಂದು ಚೀನೀ ಅರ್ಥ ಎಂದು ಪಟ್ಟಿ ಹಿಡಿದು ಬಾಯಿಪಾಠ ಮಾಡಿದ್ದರ ಫಲ ಅದು. ಬಾಯಿಪಾಠವನ್ನು ನಾನು ಹಳಿಯುವುದಿಲ್ಲ. ಅದು ಅವರ ಬಲ. ಯಾವುದನ್ನು ಬಾಯಿಪಾಠ ಮಾಡಿಸಬೇಕು ಅನ್ನುವುದಷ್ಟೇ ಪ್ರಶ್ನೆ.

ನನ್ನ ಕೈಗೆ ಬರುವುದು ಮೊದಲ ವರ್ಷದವರು, ಒಂದು ತರಗತಿಯಲ್ಲಿ ಐವತ್ತರ ಆಸುಪಾಸು. ಬೀಜಿಂಗ್‌ನ ಪೀಪಲ್ಸ್ ಎಜುಕೇಶನ್ ಪ್ರೆಸ್ ಹೊರತರುವ ಪಠ್ಯಪುಸ್ತಕದ ಮೊದಲ ಘಟಕವೇ ಹದಿಹರೆಯದ ಬದುಕು. ಅದಕ್ಕೆ ಜೊತೆಯಾಗಿ ನಾನೇ ಬರೆದ, ಇಲ್ಲವೇ ಕತ್ತರಿಸಿ ಸರಿಪಡಿಸಿದ ಗದ್ಯಗಳನ್ನು ಓದಿಸುತ್ತೇನೆ. ಒಂದು ಗದ್ಯಕ್ಕೆ 40 ನಿಮಿಷದ ನಾಲ್ಕು ಪೀರಿಯಡ್ ಬೇಕು. ಒಂದೇ ಪೀರಿಯಡ್ಡಿನಲ್ಲಿ ಮುಗಿಸಲು ಹೊರಟರೆ ಪಾಠ ಮುಗಿಯುತ್ತದೆ, ಕಲಿಕೆ ಆಗುವುದಿಲ್ಲ.

ಗದ್ಯದ ಅಳತೆ 250ರಿಂದ 320 ಪದ. ವಿಷಯ ಅವರದೇ ವಯಸ್ಸಿನವರ ಪಾಡು: ಹೊಸ ಶಾಲೆಯ ಮೊದಲ ವಾರ, ತಂಡಕ್ಕೆ ಆಯ್ಕೆಯಾಗದ ಬೇಸರ, ಫೋನಿನ ಚಟ, ಹಾಸ್ಟೆಲ್ ಕೋಣೆಯ ಜಗಳ. ಕಷ್ಟ ಎಷ್ಟಿರಬೇಕು ಅನ್ನುವುದಕ್ಕೆ ನ್ಯೂಜಿಲೆಂಡಿನ ಭಾಷಾವಿದ್ವಾಂಸ ಪಾಲ್ ನೇಷನ್ ಸಹೋದ್ಯೋಗಿಯೊಬ್ಬರ ಜೊತೆ 2000ರಲ್ಲಿ ಪ್ರಕಟಿಸಿದ ಅಧ್ಯಯನ ಒಳ್ಳೆಯ ಅಳತೆಗೋಲು. ಯಾರ ನೆರವೂ ಇಲ್ಲದೆ ಓದಿ ಅರ್ಥಮಾಡಿಕೊಳ್ಳಲು ಗದ್ಯದ ಶೇ 98ರಷ್ಟು ಪದ ಗೊತ್ತಿರಬೇಕು. 300 ಪದದಲ್ಲಿ ಹೊಸದು ಆರೇ ಆರು! ತರಗತಿಯಲ್ಲಿ ಕೇಳಲು ಶಿಕ್ಷಕರು ಇರುತ್ತಾರಾದ್ದರಿಂದ ನಾನು ಹದಿನೈದರವರೆಗೆ ಬಿಡುತ್ತೇನೆ. ಪರೀಕ್ಷಿಸುವುದು ಸುಲಭ. ಗದ್ಯದ ಮೊದಲ 100 ಪದ ಕೊಟ್ಟು ಗೊತ್ತಿಲ್ಲದ್ದಕ್ಕೆ ಗೆರೆ ಹಾಕಿಸಿ. ಐದಕ್ಕಿಂತ ಹೆಚ್ಚು ಗೆರೆ ಬಿದ್ದರೆ ಗದ್ಯ ಬದಲಿಸಿ, ಇಲ್ಲವೇ ಪದಗಳನ್ನು ಸಡಿಲಿಸಿ. ನೋಡಬೇಕಾದದ್ದು ನಡುವಿನ ಸಾಲಿನ ಮಕ್ಕಳ ಹಾಳೆಯನ್ನು. ಮುಂದಿನ ಬೆಂಚಿನವರನ್ನು ನಂಬಿ ಗದ್ಯ ಆರಿಸಿದರೆ ಉಳಿದವರು ಎರಡನೆಯ ಪ್ಯಾರಾಕ್ಕೇ ಕೈಚೆಲ್ಲುತ್ತಾರೆ.

ಆ ಹದಿನೈದನ್ನೂ ಒಂದೇ ತೂಕದಲ್ಲಿ ಕಲಿಸಬೇಡಿ. ಬರೆಯಲು, ಮಾತಾಡಲು ಬರಲೇಬೇಕಾದವು ಆರು. ಕಂಡಾಗ ಗುರುತಿಸಿದರೆ ಸಾಕಾದವು ಐದು. ಉಳಿದ ನಾಲ್ಕಕ್ಕೆ ಹಾಳೆಯ ಅಡಿಯಲ್ಲೇ ಚೀನೀ ಅರ್ಥ ಕೊಟ್ಟು ಬಿಟ್ಟುಬಿಡಿ. ಮೊದಲ ಆರರಲ್ಲೇ ನಿಜವಾದ ಕೆಲಸ ಇರುವುದು. ಉದಾಹರಣೆಗೆ ಕ್ವಿಟ್, ಗಿವ್ ಅಪ್, ಅಬ್ಯಾಂಡನ್ ಮೂರಕ್ಕೂ ಮಕ್ಕಳ ಪಟ್ಟಿಯಲ್ಲಿರುವ ಅರ್ಥ ಒಂದೇ, ಫಾಂಗ್‌ಛಿ. ಹಾಗಾಗಿ ಫುಟ್‌ಬಾಲ್ ತಂಡ ಬಿಟ್ಟೆ ಎನ್ನಲು ತಂಡವನ್ನು ‘ಅಬ್ಯಾಂಡನ್’ ಮಾಡಿದೆ ಎಂದು ಬರೆಯುತ್ತಾರೆ. (ಆ ಪದ ಚೀನಾದಲ್ಲಿ ಎಲ್ಲರಿಗೂ ಚಿರಪರಿಚಿತ. ಅಕಾರಾದಿಯಾಗಿ ಜೋಡಿಸಿದ ಪದಪುಸ್ತಕಗಳಲ್ಲಿ ಸಾಮಾನ್ಯವಾಗಿ ಮೊದಲ ಪುಟದಲ್ಲೇ ಸಿಗುತ್ತದೆ. ಪುಸ್ತಕ ತೆರೆದು ಅದೊಂದನ್ನು ಕಲಿತು ಅಲ್ಲಿಗೇ ಕೈಬಿಟ್ಟರು ಅನ್ನುವುದು ವಿದ್ಯಾರ್ಥಿಗಳ ಹಳೇ ತಮಾಷೆ.) ಅರ್ಥದ ವ್ಯತ್ಯಾಸವನ್ನು ವಿವರಿಸಿ ಪ್ರಯೋಜನವಿಲ್ಲ. ಪ್ರತಿ ಪದದ ಮುಂದೆ ಅದರ ಜೊತೆ ಬರುವ ಮೂರು ನಾಮಪದ ಬರೆಸಿ. ಕ್ವಿಟ್‌ಗೆ ಕೆಲಸ, ತಂಡ, ಸಿಗರೇಟು. ಗಿವ್ ಅಪ್‌ಗೆ ಕನಸು, ಭರವಸೆ, ಚಟ. ಅಬ್ಯಾಂಡನ್‌ಗೆ ಹಡಗು, ಮನೆ, ಸಾಕುನಾಯಿ. ಹೀಗೆ ಬರೆದ ಮೇಲೆ ತಪ್ಪು ತಾನಾಗಿ ಕಡಿಮೆಯಾಗುತ್ತದೆ.

ಅಂದರೆ ಬಾಯಿಪಾಠ ಮಾಡಿಸಬೇಕಾದ್ದು ಒಂಟಿ ಪದವನ್ನಲ್ಲ, ಗುಚ್ಛವನ್ನು. ‘ಸೈನ್ ಅಪ್’ ಅಲ್ಲ, ‘ಸೈನ್ ಅಪ್ ಫಾರ್ ಎ ಕ್ಲಬ್’. ‘ಗ್ರಾಜುಯೇಟ್’ ಅಲ್ಲ, ‘ಗ್ರಾಜುಯೇಟ್ ಫ್ರಮ್’ ಶಾಲೆ. ‘ಅಡಿಕ್ಟೆಡ್’ ಅಲ್ಲ, ‘ಅಡಿಕ್ಟೆಡ್ ಟು ಪ್ಲೇಯಿಂಗ್’. ಆ ‘ಇಂಗ್’ ಬಿಟ್ಟರೆ ಮಕ್ಕಳು ಖಂಡಿತ ‘ಟು ಪ್ಲೇ’ ಬರೆಯುತ್ತಾರೆ. ಚೀನೀ ಭಾಷೆಯಲ್ಲಿ ಇಂಥ ಕಡೆ ನಡುವೆ ಏನೂ ಬೇಡವಾದ್ದರಿಂದ ಫಾರ್, ಫ್ರಮ್‌ಗಳು ಮೊದಲು ಉದುರುತ್ತವೆ. ‘ಸಜೆಸ್ಟ್ ಮಿ ಟು ಜಾಯಿನ್’ ಅನ್ನುವುದು ಅವರ ಇನ್ನೊಂದು ಖಾಯಂ ತಪ್ಪು, ನಮ್ಮ ಕನ್ನಡದ ಮಕ್ಕಳೂ ಧಾರಾಳವಾಗಿ ಮಾಡುವಂಥದ್ದು. ‘ಸಜೆಸ್ಟೆಡ್ ದಟ್ ಐ ಜಾಯಿನ್’ ಎಂದು ಇಡೀ ಗುಚ್ಛವನ್ನೇ ನಾಲಿಗೆಗೆ ಕೂರಿಸುವುದು ಬಿಟ್ಟು ಬೇರೆ ದಾರಿ ನನಗೆ ಕಂಡಿಲ್ಲ. ಕನ್ಫ್ಯೂಸ್ಡ್, ಕನ್ಫ್ಯೂಸಿಂಗ್ ಜೋಡಿಗೆ ಸಣ್ಣ ಉಪಾಯ ಒಂದಿದೆ. ಒಂದರ ಪಕ್ಕ ಮುಖದ ಚಿತ್ರ, ಇನ್ನೊಂದರ ಪಕ್ಕ ವೇಳಾಪಟ್ಟಿಯ ಚಿತ್ರ. ಗೊಂದಲಕ್ಕೆ ಬೀಳುವುದು ಮುಖ, ಗೊಂದಲ ಹುಟ್ಟಿಸುವುದು ವೇಳಾಪಟ್ಟಿ.

ಗುಚ್ಛಗಳನ್ನು ಬರೆದಿಡುವ ನೋಟ್‌ಬುಕ್ ಎ5 ಅಳತೆಯದಾದರೆ ಸಾಕು. ಹಾಳೆಯನ್ನು ಉದ್ದಕ್ಕೆ ಮೂರು ಮಡಿಕೆ ಮಾಡಿಸಿ. ಎಡಕ್ಕೆ ಇಂಗ್ಲಿಷ್ ಗುಚ್ಛ, ನಡುವೆ ಚೀನೀ ಅರ್ಥ, ಬಲಕ್ಕೆ ಆ ವಿದ್ಯಾರ್ಥಿಯ ಸ್ವಂತ ವಾಕ್ಯ. ಮನನ ಮಾಡುವಾಗ ಎಡದ ಮಡಿಕೆ ಮುಚ್ಚಿ, ಚೀನೀ ನೋಡಿ ಇಂಗ್ಲಿಷ್ ಬರೆಯಬೇಕು. ಮಕ್ಕಳಿಗೆ ಇಷ್ಟವಾಗುವುದು ತಿರುವುಮುರುವು, ಇಂಗ್ಲಿಷ್ ನೋಡಿ ಅರ್ಥ ಹೇಳುವುದು. ಅದರಲ್ಲಿ ಎಲ್ಲ ಗೊತ್ತಿದೆ ಅನ್ನಿಸುತ್ತದೆ, ಬರೆಯಲು ಕೂತಾಗ ಏನೂ ಬರುವುದಿಲ್ಲ. ಮರುಪಾಠದ ದಿನಗಳು 1, 2, 4, 7, 15. ಎಬ್ಬಿಂಗ್‌ಹೌಸ್ ಹೆಸರಿನಲ್ಲಿ ಈ ಕೋಷ್ಟಕ ಅಚ್ಚಾದ ನೋಟ್‌ಬುಕ್ಕುಗಳು ಅಲ್ಲಿನ ಅಂಗಡಿಗಳಲ್ಲೇ ಸಿಗುತ್ತವೆ. ಆ ಜರ್ಮನ್ ವಿಜ್ಞಾನಿ 1885ರಲ್ಲಿ ಪ್ರಕಟಿಸಿದ ಮರೆವಿನ ಲೆಕ್ಕ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ ತೆಗೆದದ್ದು, ವಾಕ್ಯದೊಳಗಿನ ಪದಗಳದ್ದಲ್ಲ. ಹಾಗಾಗಿ ದಿನ ಒಂದು ಹಿಂದೆಮುಂದೆ ಆದರೆ ಗಾಬರಿ ಬೇಡ. ಏಳನೆಯ ದಿನದ್ದನ್ನು ಮಾತ್ರ ಬಿಡಿಸಬೇಡಿ. ಹೆಚ್ಚಿನವರು ತಪ್ಪಿಸುವುದು ಅದನ್ನೇ.

ಓದು ಮೂರು ಸುತ್ತು. ಮೊದಲ ಸುತ್ತಿಗೆ ನಾಲ್ಕು ನಿಮಿಷ, ಕೈಯಲ್ಲಿ ಪೆನ್ನು ಇರಕೂಡದು. ಪೆನ್ನು ಇದ್ದರೆ ತುದಿ ಪದದಿಂದ ಪದಕ್ಕೆ ಕುಪ್ಪಳಿಸುತ್ತದೆ, ತಲೆಯೊಳಗೆ ಪದಕ್ಕೆ ಪದ ಅನುವಾದ ಶುರುವಾಗುತ್ತದೆ. ಈ ಸುತ್ತಿಗೆ ಪ್ರಶ್ನೆ ಒಂದೇ, ಯಾರಿಗೆ ಏನು ತೊಂದರೆ? ಎರಡನೆಯ ಸುತ್ತಿಗೆ ಎಂಟು ನಿಮಿಷ, ಪೆನ್ನು ಹಿಡಿದು. ಪ್ರತಿ ಪ್ಯಾರಾಕ್ಕೆ ಐದು ಪದ ಮೀರದ ಶೀರ್ಷಿಕೆ ಕೊಡಬೇಕು, ಕ್ರಿಯಾಪದಗಳಿಗೆ ಕೆಂಪು ಗೆರೆ ಹಾಕಬೇಕು. ಚೀನೀಯಲ್ಲಿ ಕ್ರಿಯಾಪದ ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದಿಲ್ಲ. ಹೋಗುತ್ತಾನೆ, ಹೋದ ಎಂದು ಬದಲಿಸಿ ಮಾತಾಡುವ ನಮಗೆ ಇದು ತೊಡಕೇ ಅಲ್ಲ, ಅವರ ಕಣ್ಣಿಗೆ ಮಾತ್ರ ಕ್ರಿಯಾಪದದ ಕೊನೆಯ ‘ಈಡಿ’ (ed) ಬೀಳುವುದೇ ಇಲ್ಲ. ಗೆರೆ ಹಾಕಿದ ಮೇಲಷ್ಟೇ ಯಾವುದು ಕಳೆದ ವರ್ಷದ ಮಾತು, ಯಾವುದು ಇವತ್ತಿನದು ಎಂದು ಬೇರೆಯಾಗುತ್ತದೆ. ಡಿಕ್ಷನರಿ ಆ್ಯಪ್ ಎರಡನೆಯ ಸುತ್ತು ಮುಗಿದ ಮೇಲೆ, ಅದೂ ಮೂರೇ ಪದಕ್ಕೆ. ಮೊದಲೇ ಬಿಟ್ಟರೆ ಇಡೀ ಪ್ಯಾರಾದ ಫೋಟೋ ತೆಗೆದು ಅನುವಾದ ಮಾಡಿಸಿ ಕೂತುಬಿಡುತ್ತಾರೆ. ಮೂರನೆಯ ಸುತ್ತು ಬೆಳಗಿನ ಓದಿನ ಹೊತ್ತಿಗೆ, ಗಟ್ಟಿಯಾಗಿ, ಗುಚ್ಛಗಳ ನಡುವೆ ಓರೆಗೆರೆ ಹಾಕಿಕೊಂಡು.

ಉದ್ದದ ವಾಕ್ಯದಲ್ಲಿ ಸಿಕ್ಕಿಕೊಳ್ಳುವುದು ಬಹುಪಾಲು ‘ಹೂ’ (who), ‘ದಟ್’ (that) ಬಂದಲ್ಲಿ. ಇಲ್ಲಿ ಕನ್ನಡ ಬಲ್ಲವರಿಗೆ ಒಂದು ಅನುಕೂಲವಿದೆ. ‘ಮೊದಲ ವಾರ ನನ್ನ ಪಕ್ಕ ಕೂತಿದ್ದ ಹುಡುಗಿ’ ಎಂದು ನಾವು ವರ್ಣನೆಯನ್ನೆಲ್ಲ ಮುಗಿಸಿ ಕೊನೆಗೆ ಹುಡುಗಿಯನ್ನು ತರುತ್ತೇವೆ. ಚೀನೀಯಲ್ಲೂ ಕ್ರಮ ಅದೇ. ಇಂಗ್ಲಿಷ್ ಹುಡುಗಿಯನ್ನು ಮೊದಲು ನಿಲ್ಲಿಸಿ ವರ್ಣನೆಯನ್ನು ಹಿಂದೆ ಕಟ್ಟುತ್ತದೆ. ಆದ್ದರಿಂದ ಮಗು ಎಲ್ಲಿ ತಪ್ಪುತ್ತದೆ ಎಂದು ನನಗೆ ಊಹಿಸಬೇಕಾಗಿಲ್ಲ. ಮಾಡಿಸುವುದು ಇಷ್ಟು: ನಾಮಪದಕ್ಕೆ ಚೌಕ, ‘ಹೂ’ದಿಂದ ವರ್ಣನೆ ಮುಗಿಯುವವರೆಗೆ ಕಂಸ. ಕಂಸವನ್ನು ಹಾರಿ ಒಮ್ಮೆ ಓದು, ಕಂಸ ಸೇರಿಸಿ ಇನ್ನೊಮ್ಮೆ ಓದು. ಕಂಸ ಎಲ್ಲಿ ಮುಚ್ಚಬೇಕು ಎನ್ನುವಲ್ಲೇ ತಪ್ಪು ಜಾಸ್ತಿ. ಎರಡನೆಯ ಕ್ರಿಯಾಪದ ಬರುವ ಮುಂಚೆ ಮುಚ್ಚು ಎಂದು ಹೇಳಿದರೆ ಮುಕ್ಕಾಲು ಪಾಲು ಸರಿಹೋಗುತ್ತದೆ. ಗಾವ್‌ಕಾವ್‌ನ 150 ಅಂಕದ ಇಂಗ್ಲಿಷ್ ಪತ್ರಿಕೆಯಲ್ಲಿ ಓದಿನ ಭಾಗಕ್ಕೇ 50 ಅಂಕ ಇರುವಾಗ ಈ ಅಭ್ಯಾಸಕ್ಕೆ ಕೊಟ್ಟ ಹೊತ್ತು ದಂಡವಲ್ಲ.

ಇಷ್ಟೆಲ್ಲ ಆದರೂ ಗದ್ಯ ಅರ್ಥವಾಗದೆ ಹೋಗುವ ಇನ್ನೊಂದು ಕಾರಣವಿದೆ. ಪದ ಗೊತ್ತು, ಆ ಬದುಕು ಗೊತ್ತಿಲ್ಲ. ಪಠ್ಯದ ಹದಿಹರೆಯದವರು ಹೆಚ್ಚಾಗಿ ಅಮೆರಿಕದವರು. ಪಾಠಕ್ಕೊಂದು ಕೋಣೆಗೆ ಓಡುತ್ತಾರೆ, ಲಾಕರ್‌ನಲ್ಲಿ ಪುಸ್ತಕ ಇಡುತ್ತಾರೆ, ಮಧ್ಯಾಹ್ನ ಮೂರಕ್ಕೆಲ್ಲ ಶಾಲೆ ಬಿಡುತ್ತದೆ, ವಾರಕ್ಕೊಮ್ಮೆ ಸೂಪ್ ಕಿಚನ್‌ಗೆ ಹೋಗಿ ಬಡಿಸುತ್ತಾರೆ. ಸೂಪ್ ಕಿಚನ್ ಅಂದರೆ ಸೂಪ್ ಮಾಡುವ ಅಡುಗೆಮನೆ ಎಂದೇ ಓದಿಕೊಂಡು ಮುಂದೆ ಹೋಗುವವರು ಬಹಳ. ಅದು ನಮ್ಮ ಗಂಜಿ ಕೇಂದ್ರದಂಥದ್ದು ಎಂದು ಬಿಡಿಸಿ ಹೇಳದಿದ್ದರೆ ಆ ಹುಡುಗ ಅಲ್ಲಿಗೆ ಯಾಕೆ ಹೋದ ಅನ್ನುವುದೇ ತಿಳಿಯುವುದಿಲ್ಲ.

ಇದಕ್ಕೆ ನಾನು ಬಳಸುವುದು ಎರಡು ವೇಳಾಪಟ್ಟಿ. ಹಾಳೆಯ ಎಡಕ್ಕೆ ಗದ್ಯದ ಹುಡುಗನ ದಿನ, ಬಲಕ್ಕೆ ಓದುಗನದು. ಬಲದ ಪಟ್ಟಿ ತುಂಬುವಾಗ ಮಕ್ಕಳಿಗೆ ಮೊದಲ ಬಾರಿಗೆ ತಮ್ಮ ಬದುಕಿಗೇ ಇಂಗ್ಲಿಷ್ ಪದ ಬೇಕಾಗುತ್ತದೆ. ರಾತ್ರಿ ಒಂಬತ್ತೂವರೆ, ಹತ್ತರವರೆಗೆ ತರಗತಿಯಲ್ಲೇ ಕೂತು ಓದುವ ‘ವಾನ್ ಜಿಶೀ’, ವರ್ಷದ ಆರಂಭದಲ್ಲಿ ಹೊಸಬರಿಗೆ ಮೈದಾನದಲ್ಲಿ ಕವಾಯತು ಮಾಡಿಸುವ ‘ಜುನ್‌ಶ್ಯೂನ್’, ಇಡೀ ತರಗತಿಯ ಹೊಣೆ ಹೊತ್ತ ‘ಬಾನ್‌ಜುರೆನ್’ ಶಿಕ್ಷಕರು. ಈವ್ನಿಂಗ್ ಸೆಲ್ಫ್ ಸ್ಟಡಿ, ಮಿಲಿಟರಿ ಟ್ರೇನಿಂಗ್ ಎಂಬ ಸಿದ್ಧ ಪದಗಳು ಇವೆಯಾದರೂ ಚೀನಾ ನೋಡದವರಿಗೆ ಅವು ಏನನ್ನೂ ಹೇಳುವುದಿಲ್ಲ. ಮಿಲಿಟರಿ ಟ್ರೇನಿಂಗ್ ಎಂದು ಬಿಟ್ಟರೆ ಓದಿದವರು ಹುಡುಗ ಸೈನ್ಯ ಸೇರಿದ ಅಂದುಕೊಳ್ಳುತ್ತಾರೆ. ಆದ್ದರಿಂದ ನಿಯಮ ಹೀಗೆ: ಪದ ಬರಿ, ಜೊತೆಗೆ ಹನ್ನೆರಡು ಪದ ಮೀರದ ವಿವರಣೆ ಬರಿ. ಆ ವಿವರಣೆಗೆ ಬೇಡ ಬೇಡವೆಂದರೂ ‘ಹೂ’, ‘ದಟ್’, ‘ವೆನ್’ ಬೇಕೇ ಬೇಕು. ಓದಿನಲ್ಲಿ ಕಲಿತ ವಾಕ್ಯರಚನೆ ಬರವಣಿಗೆಗೆ ದಾಟುವುದು ಇಲ್ಲೇ.

ಮೂರನೆಯ ಪಟ್ಟಿಯಾಗಿ ಕರ್ನಾಟಕದ ಪಿಯುಸಿ ವಿದ್ಯಾರ್ಥಿಯೊಬ್ಬನ ದಿನದ ಮೇಲೂ ಒಂದು ಗದ್ಯ ಬರೆದಿಟ್ಟುಕೊಂಡಿದ್ದೇನೆ. ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ, ಒಟ್ಟು 600 ಅಂಕ. ಸೈನ್ಸೋ ಕಾಮರ್ಸೋ ಆರ್ಟ್ಸೋ ಎಂಬ ಮನೆಮಂದಿಯ ಚರ್ಚೆ. ಚೀನಾದ ಬಹುಪಾಲು ಪ್ರಾಂತ್ಯಗಳಲ್ಲಿ ಈಗ ಚೀನೀ, ಗಣಿತ, ವಿದೇಶಿ ಭಾಷೆ ಕಡ್ಡಾಯ, ಭೌತಶಾಸ್ತ್ರ ಅಥವಾ ಇತಿಹಾಸದಲ್ಲಿ ಒಂದು, ಇನ್ನುಳಿದ ನಾಲ್ಕರಲ್ಲಿ ಎರಡು ಆರಿಸಿಕೊಳ್ಳಬೇಕು, ಒಟ್ಟು 750 ಅಂಕ. ರೆಕಮೆಂಡ್, ಪ್ರಿಫರ್, ಸೂಟಬಲ್ ಫಾರ್, ರೆಸ್ಪಾನ್ಸಿಬಲ್ ಫಾರ್ ಗುಚ್ಛಗಳನ್ನು ಹೇಳಿಸಲು ಇಷ್ಟು ಒಳ್ಳೆಯ ನೆಪ ಅಮೆರಿಕದ ಗದ್ಯದಲ್ಲಿ ಸಿಗದು.

ಉಕ್ತಲೇಖನ ಅಲ್ಲಿನ ಶಾಲೆಗಳಲ್ಲಿ ನಿತ್ಯದ ಪದ್ಧತಿ. ಅದನ್ನು ಬಿಡಿಸದೆ, ಒಳಗಿನ ಸರಕು ಬದಲಿಸಿ. ಪದ ಹೇಳುವ ಬದಲು ಸಂದರ್ಭ ಹೇಳಿ: ‘ಚರ್ಚಾಕೂಟಕ್ಕೆ ನಿನ್ನೆ ಹೆಸರು ಕೊಟ್ಟಳು’. ಮಕ್ಕಳು ಬರೆಯಬೇಕಾದ್ದು ಇಡೀ ಗುಚ್ಛ. ಎಂಟು ಸಂದರ್ಭ, ಆರು ನಿಮಿಷ. ಒಂದಕ್ಕೆ ಎರಡು ಅಂಕ, ಗುಚ್ಛಕ್ಕೆ ಒಂದು, ಕಾಲ ಮತ್ತು ಬಹುವಚನಕ್ಕೆ ಇನ್ನೊಂದು. ಒಂದೇ ಅಂಕ ಇಟ್ಟರೆ ‘ಸೈನ್’ ಬರೆದವರೂ ‘ಸೈನ್ಡ್’ ಬರೆದವರೂ ಒಂದೇ ಸಾಲಿಗೆ ಬಂದುಬಿಡುತ್ತಾರೆ.

ಮಾತಾಡಿಸುವಾಗ ‘ಯಾರಿಗಾದರೂ ಏನಾದರೂ ಹೇಳುವುದಿದೆಯೇ’ ಎಂದು ಇಡೀ ತರಗತಿಗೆ ಕೇಳಿದರೆ ಐವತ್ತು ಮಂದಿ ಮೇಜು ನೋಡುತ್ತಾರೆ. ಎಲ್ಲರೆದುರು ತಪ್ಪಿದರೆ ಮುಖಭಂಗ ಎನ್ನುವ ಅಳುಕು. ಪಕ್ಕದವರ ಜೊತೆ ಎರಡು ನಿಮಿಷ ಮಾತಾಡಿಸಿ, ಆಮೇಲೆ ಪಕ್ಕದವರು ಹೇಳಿದ್ದನ್ನು ಹೇಳು ಎಂದರೆ ಬಾಯಿ ಬಿಡುತ್ತಾರೆ, ಯಾಕೆಂದರೆ ಆ ಅಭಿಪ್ರಾಯ ಅವರದ್ದಲ್ಲವಲ್ಲ. ‘ಹಿ’, ‘ಶಿ’ ಅದಲುಬದಲಾಗುವುದು ಕೇಳಿಸುವುದೂ ಇಲ್ಲೇ. ಚೀನೀಯಲ್ಲಿ ಎರಡರ ಉಚ್ಚಾರವೂ ‘ತಾ’; ಅಕ್ಷರ ಬೇರೆಯಾದ್ದರಿಂದ ಬರವಣಿಗೆಯಲ್ಲಿ ಈ ತಪ್ಪು ಅಪರೂಪ. ನಡುವೆ ತಡೆದು ತಿದ್ದಬೇಡಿ, ಮಾತೇ ನಿಂತುಹೋಗುತ್ತದೆ. ಪಕ್ಕದವರು ಹಾಳೆಯ ಮೇಲೆ ಒಂದು ಗೀಟು ಹಾಕಿದರೆ ಸಾಕು.

ಮನೆಯ ವಿಷಯ, ತಂದೆತಾಯಿಯ ಕೆಲಸ, ಹುಡುಗ ಹುಡುಗಿಯರ ಸ್ನೇಹ ನೇರವಾಗಿ ಕೇಳಬೇಡಿ. ಓದುವ ವಯಸ್ಸಿನ ಪ್ರೇಮವನ್ನು ಅಲ್ಲಿನ ಶಾಲೆ, ಪೋಷಕರು ಒಪ್ಪುವುದಿಲ್ಲ, ತರಗತಿಯಲ್ಲಿ ಕೇಳಿದರೆ ಮುಜುಗರ. ಇದಕ್ಕೆ ಚೀನಾದ ಪರೀಕ್ಷೆಗಳೇ ಒಬ್ಬ ಪಾತ್ರವನ್ನು ಕೊಟ್ಟಿವೆ. ‘ನೀನು ಲಿ ಹ್ವಾ ಎಂದುಕೊಂಡು ಪತ್ರ ಬರೆ’ ಎನ್ನುವುದು ಪ್ರಶ್ನೆಪತ್ರಿಕೆಯ ಮಾಮೂಲು ಸಾಲು. ಆ ಹೆಸರು ತಿಳಿಯದ ವಿದ್ಯಾರ್ಥಿ ದೇಶದಲ್ಲಿಲ್ಲ. ಲಿ ಹ್ವಾನ ಗೆಳೆಯನಿಗೆ ಫೋನಿನ ಚಟ, ಅವನಿಗೆ ಸಲಹೆ ಕೊಡು ಎಂದರೆ ಮಕ್ಕಳು ತಮ್ಮ ಮಾತನ್ನು ಅವನ ಬಾಯಲ್ಲಿ ಆಡಿಸುತ್ತಾರೆ. ಅಳತೆ 80 ಪದ, ಪರೀಕ್ಷೆಯಲ್ಲಿ 15 ಅಂಕದ ಪತ್ರಕ್ಕೆ ಕೇಳುವುದೂ ಅಷ್ಟೇ. ಆರು ಗುಚ್ಛಗಳಲ್ಲಿ ನಾಲ್ಕು ಬಂದಿರಬೇಕು.

ತಿದ್ದುವಾಗ ಎರಡೇ ವಿಷಯ ನೋಡುತ್ತೇನೆ: ಗುಚ್ಛ ಪೂರ್ತಿ ಇದೆಯೇ, ಕ್ರಿಯಾಪದದ ಕಾಲ ಸರಿಯಿದೆಯೇ. ‘ಆಲ್ದೋ’ ಇದ್ದ ವಾಕ್ಯದಲ್ಲಿ ‘ಬಟ್’ ಕೂಡ ನುಸುಳಿರುತ್ತದೆ, ‘ಎ’, ‘ದಿ’ ಬಿಟ್ಟುಹೋಗಿರುತ್ತವೆ; ಅವಕ್ಕೆ ಸರಿರೂಪ ಬರೆಯದೆ ಅಂಚಿನಲ್ಲಿ ಒಂದು ಚುಕ್ಕಿ ಇಡುತ್ತೇನೆ, ಯಾವ ಸಾಲಿನಲ್ಲಿ ಏನು ತಪ್ಪಿದೆ ಎಂದು ಅವರೇ ಹುಡುಕಲಿ. ಎಲ್ಲವನ್ನೂ ಕೆಂಪು ಮಾಡಿದ ಹಾಳೆಯನ್ನು ಮಕ್ಕಳು ಅಂಕ ನೋಡಿ ಡೆಸ್ಕಿನೊಳಗೆ ತುರುಕುತ್ತಾರೆ. ತಿದ್ದಿದ ಪತ್ರವನ್ನು ನೋಟ್‌ಬುಕ್ಕಿನ ಬಲಮಡಿಕೆಯ ವಾಕ್ಯಗಳ ಜೊತೆ ಹೋಲಿಸಿ, ಏಳನೆಯ ದಿನದ ಮರುಪಾಠಕ್ಕೆ ಮುಂಚೆ ಒಮ್ಮೆ ಹೊಸದಾಗಿ ಬರೆಸುತ್ತೇನೆ.