ಪಾಟೀ ಸವಾಲಿನ ಎರಡು ಹಾಳೆ

ನಾನು ಹಾವೇರಿ ಕಡೆಯ ವಕೀಲ. ಒಬ್ಬ ಕಕ್ಷಿದಾರನಿಗೆ ಸೆಷನ್ಸ್ ಕೋರ್ಟಿನಲ್ಲಿ 7 ವರ್ಷ ಶಿಕ್ಷೆಯಾಯಿತು. ಜೈಲು ಶಿಕ್ಷೆಯಾದವನಿಗೆ ತೀರ್ಪಿನ ಪ್ರತಿ ಪುಕ್ಕಟೆ ಸಿಗಬೇಕು, ಸಿಕ್ಕಿತು. ಹೊರಗೆ ಅವನ ಅಪ್ಪ ಕೇಳಿದರು: "ಇಷ್ಟ ಕಾಗದ ಇದ್ರ ಧಾರವಾಡಕ್ಕ ಹೋಗಬಹುದಲ್ರಿ ವಕೀಲ್ರ?"

ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋಗಬಹುದು. ಆದರೆ ತೀರ್ಪಿನಲ್ಲಿರುವುದು ನ್ಯಾಯಾಧೀಶರು ಸಾಕ್ಷ್ಯವನ್ನು ಹೇಗೆ ಓದಿಕೊಂಡರು ಅನ್ನುವುದು. ಸಾಕ್ಷಿ ಏನು ಹೇಳಿದ ಅಂತ ತಿಳಿಯಲು ಹೇಳಿಕೆಯ ಹಾಳೆಗಳೇ ಬೇಕು. ಹೈಕೋರ್ಟು ಆಮೇಲೆ ಕೆಳಗಿನ ಕೋರ್ಟಿನ ಕಡತ ತರಿಸಿಕೊಳ್ಳುತ್ತದೆ, ನಿಜ. ಮೇಲ್ಮನವಿ ಬರೆಯುವಾಗ, ಅದು ಮುಗಿಯುವವರೆಗೆ ಶಿಕ್ಷೆ ತಡೆಹಿಡಿಯಿರಿ (ಅಮಾನತು) ಅಂತ ಕೇಳುವಾಗ ನಮ್ಮ ಕೈಯಲ್ಲೇನೂ ಇಲ್ಲದಿದ್ದರೆ ಸುಮ್ನೆ ನಿಲ್ಲಬೇಕಾಗುತ್ತದೆ.

ಮರುದಿನವೇ ನಕಲು ಅರ್ಜಿ ಹಾಕಿದೆ. ಸಾಕ್ಷಿಗಳ ಹೇಳಿಕೆ, ನಿಶಾನೆಯಾದ (ಸಾಕ್ಷ್ಯವಾಗಿ ಗುರುತು ಹಾಕಿದ) ದಾಖಲೆ, ಆರೋಪಿಯ ಹೇಳಿಕೆ, ಕೋರ್ಟಿನಲ್ಲಿ ಯಾವ ದಿನ ಏನಾಯಿತು ಅಂತ ಬರೆದಿಡುವ ಆರ್ಡರ್ ಶೀಟ್ ಎಲ್ಲ ಕೇಳಿದೆ. ಪ್ರತಿ ಸಾಕ್ಷಿಯ ಮುಂದೆ ತಾರೀಖನ್ನೂ ಬರೆದೆ. ಎಡವಿದ್ದು ಅಲ್ಲೇ.

ನಕಲು ಬಂತು. ರಾತ್ರಿ ಓದುತ್ತಾ ಕೂತರೆ ಪಂಚನ, ಅಂದರೆ ಪಂಚನಾಮೆಗೆ ಸಹಿ ಮಾಡಿದ ಸಾಕ್ಷಿಯ, ಪಾಟೀ ಸವಾಲೇ (ಎದುರು ಪಕ್ಷದ ವಕೀಲ ಸಾಕ್ಷಿಗೆ ಕೇಳುವ ಪ್ರಶ್ನೆ, ಅದಕ್ಕೆ ಉತ್ತರ) ಇಲ್ಲ! ಆ ಪ್ರಶ್ನೆ ಕೇಳಿದವನು ನಾನೇ. ಮುಖ್ಯ ವಿಚಾರಣೆ ಆದಮೇಲೆ ಅವನನ್ನು ಬೇರೆ ದಿನ ಮತ್ತೆ ಕರೆಸಿದ್ದೆವು. ಸ್ಥಳದಲ್ಲೇ ಬರೆದು ಸಹಿ ಹಾಕಿಸಬೇಕಾದ ಪಂಚನಾಮೆಗೆ ಪೊಲೀಸ್ ಠಾಣೆಯಲ್ಲೇ ಸಹಿ ಮಾಡಿದ್ದಾಗಿ ಅವನು ಒಪ್ಪಿದ್ದು ಆ ದಿನ.

ನಕಲು ವಿಭಾಗದಲ್ಲಿ ಕೇಳಿದೆ. "ನೀವ ಒಂದ ತಾರೀಖು ಬರದೀರಿ ಸಾಹೇಬ್ರ, ನಾವೂ ಒಂದ ತಾರೀಖಿಂದ ಕೊಟ್ಟೀವ್ರಿ" ಅಂದರು. ತಪ್ಪು ನನ್ನದೇ, ಏನು ಹೇಳಲಿ? ಆರ್ಡರ್ ಶೀಟ್ ನೋಡಿ ಆ ತಾರೀಖು ಹುಡುಕಿ ಎರಡನೇ ಅರ್ಜಿ ಹಾಕಿದೆ.

ಹೈಕೋರ್ಟಿಗೆ ಹೋಗಲು 60 ದಿನ. ತೀರ್ಪಿನ ನಕಲಿಗೆ ಹಿಡಿದ ದಿನಗಳನ್ನು ಗಡುವುಗಳನ್ನು ಹೇಳುವ ಮಿತಿ ಕಾಯ್ದೆಯ 12ನೇ ಕಲಂ ಲೆಕ್ಕದಿಂದ ಬಿಡುತ್ತದೆ. ಹೇಳಿಕೆಗಳ ನಕಲಿಗೆ ಕಾಯ್ದ ದಿನಗಳಿಗೆ ಆ ರಿಯಾಯಿತಿ ಇಲ್ಲ. ಇದು ಗೊತ್ತಿದ್ದರಿಂದಲೇ ನನಗೆ ಅಷ್ಟು ಗಾಬರಿ.

ಹಾಳೆ ಸಿಕ್ಕಾಗ ಕಕ್ಷಿದಾರನ ಅಪ್ಪನನ್ನೂ ಕರೆದು ತೋರಿಸಿದೆ. ನಮ್ಮ ಕೋರ್ಟುಗಳಲ್ಲಿ ಪಾಟೀ ಸವಾಲಿನ ಉತ್ತರ "ಎಂದರೆ ಸರಿ", "ಎಂದರೆ ಸರಿಯಲ್ಲ" ಅಂತಲೇ ಮುಗಿಯುತ್ತದೆ. ಆ ಒಂದು "ಅಲ್ಲ" ತಪ್ಪಿದರೆ ಇಂಗ್ಲಿಷಿಗೆ ತಿರುಗಿಸುವಾಗ ಅರ್ಥವೇ ಉಲ್ಟಾ ಆಗುತ್ತದೆ. ಬೆರಳಿಟ್ಟು ಓದಿದೆ: "ಠಾಣೆಯಲ್ಲಿ ಸಹಿ ಮಾಡಿದ್ದೇನೆ ಎಂದರೆ ಸರಿ."

"ಅಂದ್ರ ಒಪ್ಪಿಕೊಂಡಾನ?"

"ಹೌದ್ರಿ, ಒಪ್ಪಿಕೊಂಡಾನ."

52ನೇ ದಿನ ಧಾರವಾಡದ ಹೈಕೋರ್ಟ್ ಪೀಠದಲ್ಲಿ ಮೇಲ್ಮನವಿ ದಾಖಲಾಯಿತು. ಮೊದಲ ಕಾರಣವಾಗಿ ಬರೆದದ್ದು ಆ ಸಾಲನ್ನೇ.