ದಿನಕ್ಕೊಂದು ಸಮಸ್ಯೆ, ದಿನಕ್ಕೊಂದು ಪುಟ

ಕಥೆ ಬರೆಯುವ ಅಭ್ಯಾಸಕ್ಕೆ ದಿನಕ್ಕೊಂದು ವಿಷಯ ಇಟ್ಟುಕೊಳ್ಳಿ ಅನ್ನುತ್ತಾರೆ. ‘ಮಳೆ’, ‘ಅಜ್ಜಿಮನೆ’, ‘ಒಂಟಿತನ’ ಹೀಗೆ. ಇಂಥ ವಿಷಯ ಹಿಡಿದು ಕೂತರೆ ಕೈಯಲ್ಲಿ ಬರುವುದು ಶಾಲೆಯ ಪ್ರಬಂಧ. ನನಗೆ ಕಥೆ ದಕ್ಕತೊಡಗಿದ್ದು ವಿಷಯ ಬಿಟ್ಟು ಇಕ್ಕಟ್ಟುಗಳನ್ನು ಹಿಡಿದ ಮೇಲೆ. ಅವನ್ನು ನಾನು ತಂದುಕೊಂಡದ್ದು ಅವಧಾನಕಲೆಯಿಂದ, ಅಂದರೆ ಹಲವರು ಒಡ್ಡುವ ಸವಾಲುಗಳಿಗೆ ಒಟ್ಟೊಟ್ಟಿಗೆ, ಅಲ್ಲಿಯೇ ಪದ್ಯ ಕಟ್ಟಿ ಉತ್ತರಿಸುವ ಕಲೆಯಿಂದ.

ಅಷ್ಟಾವಧಾನದಲ್ಲಿ ಎಂಟು ಮಂದಿ ಪೃಚ್ಛಕರು, ಅಂದರೆ ಸವಾಲು ಹಾಕುವವರು, ಪದ್ಯ ಕಟ್ಟುವ ಅವಧಾನಿಯನ್ನು ಸುತ್ತುವರಿದು ಕೂರುತ್ತಾರೆ. ಒಬ್ಬರು ಅಸಂಗತವೆನಿಸುವ ಪದ್ಯದ ಸಾಲೊಂದನ್ನು ಕೊಡುತ್ತಾರೆ. ಮಿಕ್ಕ ಮೂರು ಸಾಲು ಕಟ್ಟಿ ಅದಕ್ಕೆ ಅರ್ಥ ಹೊಂದಿಸಬೇಕು. ಅದು ಸಮಸ್ಯಾಪೂರಣ. ನಾಲ್ಕು ಪದ ಕೊಟ್ಟು ಸಾಲಿಗೊಂದರಂತೆ ಬಳಸಿ ಅನ್ನುವುದು ದತ್ತಪದಿ. ನಿಷೇಧಾಕ್ಷರಿಯಲ್ಲಿ ಮುಂದಿನ ಅಕ್ಷರ ಇಂಥದ್ದಾಗಬಾರದು ಎಂದು ಹೆಜ್ಜೆಹೆಜ್ಜೆಗೂ ತಡೆ. ಇದರ ನಡುವೆ ಅಪ್ರಸ್ತುತ ಪ್ರಸಂಗದವರು ಸಂಬಂಧವಿಲ್ಲದ ಪ್ರಶ್ನೆ ಎಸೆದು ಏಕಾಗ್ರತೆ ಕೆಡಿಸುತ್ತಿರುತ್ತಾರೆ. ಶತಾವಧಾನಿ ಆರ್. ಗಣೇಶ್ ಅವರ ಅವಧಾನ ನೋಡುವಾಗೆಲ್ಲ ನನ್ನ ಕಣ್ಣಿಗೆ ಬೀಳುತ್ತಿದ್ದುದು ಒಂದೇ: ತಡೆ ಬಿಗಿಯಾದಷ್ಟೂ ಕಲ್ಪನೆ ಚುರುಕಾಗುತ್ತದೆ. ಛಂದಸ್ಸು ನನಗೆ ಬಾರದು, ಆದರೆ ಈ ತಡೆಗಳು ಗದ್ಯಕ್ಕೂ ಒಗ್ಗುತ್ತವೆ.

ನನ್ನ ಪೃಚ್ಛಕಿ ನನ್ನ ಅಕ್ಕ. ರಾತ್ರಿ ಮಲಗುವ ಮುಂಚೆ ವಾಟ್ಸಾಪಿನಲ್ಲಿ ಒಂದು ಸಾಲು ಕಳಿಸುತ್ತಾಳೆ. ಬೆಳಿಗ್ಗೆ ಕಾಫಿ ಆದಮೇಲೆ ಹದಿನೈದು ನಿಮಿಷ, ಉದ್ದ ನೋಟ್‌ಬುಕ್ಕಿನ ಒಂದು ಪುಟ, ಕೈಬರಹದಲ್ಲೇ. ಸಮಸ್ಯೆ ಬೇರೆಯವರಿಂದಲೇ ಬರಬೇಕೆಂಬುದು ನನ್ನ ಬಲವಾದ ನಂಬಿಕೆ. ನಾವೇ ಕೊಟ್ಟುಕೊಂಡರೆ ಉತ್ತರ ಗೊತ್ತಿರುವ ಪ್ರಶ್ನೆಯನ್ನೇ ಕೊಟ್ಟುಕೊಳ್ಳುತ್ತೇವೆ.

ಒಮ್ಮೆ ಅವಳು ಕಳಿಸಿದ್ದು ಹೀಗಿತ್ತು: ‘ಮದುವೆ ನಿಂತುಹೋಯಿತೆಂದು ಮನೆಮಂದಿಯೆಲ್ಲ ಪಾಯಸ ಮಾಡಿಕೊಂಡು ಉಂಡರು.’ ಇದನ್ನು ಕೊನೆಯ ಸಾಲಾಗಿಸಬೇಕು. ಮೊದಲು ಹೊಳೆದ ಕಾರಣ ವರದಕ್ಷಿಣೆ. ಮೊದಲು ಹೊಳೆದದ್ದನ್ನು ಬರೆಯಕೂಡದು ಎನ್ನುವುದು ನಮ್ಮ ನಿಯಮ. ಎರಡನೆಯದು, ಹುಡುಗನಿಗೆ ಬೇರೆ ಸಂಬಂಧವಿತ್ತು. ಅದೂ ಹಳಸಲು. ಮೂರನೆಯದಕ್ಕೆ ಬರುವಷ್ಟರಲ್ಲಿ ಮದುವೆಗಾಗಿ ಮಾರಲು ಹೊರಟಿದ್ದ ತೋಟ ಕಂಡಿತು, ಅದನ್ನು ಮಾರಬೇಡಿ ಎಂದು ಬಾಯಿಬಿಟ್ಟು ಹೇಳಲಾರದ ಮಗಳು ಕಂಡಳು. ಅರ್ಧ ಪುಟ ದಾಟಿದಾಗ ಅಪ್ರಸ್ತುತ ಪ್ರಸಂಗ ಬರಲೇಬೇಕು, ಅದೂ ನಿಯಮ. ಪಕ್ಕದ ಮನೆಯ ಹುಡುಗ ಬಂದು ಚೆಂಡು ನಿಮ್ಮ ಹಿತ್ತಲಿಗೆ ಬಿತ್ತು ಅಂದ. ಮನೆಯಲ್ಲಿ ಎಲ್ಲರೂ ಮುಖ ಗಂಟಿಕ್ಕಿ ಕೂತಿರುವಾಗ ಈ ಹುಡುಗಿ ಎದ್ದು ಹೋಗಿ, ಸೆರಗು ಸಿಕ್ಕಿಸಿ, ಬಾಳೆಗಿಡಗಳ ಮಧ್ಯೆ ಚೆಂಡು ಹುಡುಕಿದಳು. ಅವಳ ಮನಸ್ಸು ಹಗುರಾಗಿದೆಯೆಂದು ನಾನು ಎಲ್ಲೂ ಬರೆಯಬೇಕಾಗಲಿಲ್ಲ.

ನಿಷೇಧಾಕ್ಷರಿಯನ್ನು ನಾನು ನಿಷೇಧಪದಿ ಮಾಡಿಕೊಂಡಿದ್ದೇನೆ. ಸಾವಿನ ಮನೆ, ಹದಿನಾಲ್ಕನೆಯ ದಿನ. ದುಃಖ, ಅಳು, ಕಣ್ಣೀರು, ನೆನಪು, ಮೌನ ಈ ಐದು ಪದ ಬರಕೂಡದು. ಸುಮಾರು ಹೊತ್ತು ಪೆನ್ನು ಮುಂದೆ ಹೋಗಲಿಲ್ಲ. ಆಮೇಲೆ ಬಂದ ಸಾಲು: ‘ಮೂರು ಪಾವು ಅಕ್ಕಿ ಅಳೆದವಳು ಒಂದು ಪಾವನ್ನು ಮತ್ತೆ ಡಬ್ಬಕ್ಕೆ ಸುರಿದಳು.’ ಆ ಪದಗಳಿಗೆ ಅನುಮತಿ ಇದ್ದಿದ್ದರೆ ನನಗೆ ಈ ಪಾವು ಸಿಗುತ್ತಲೇ ಇರಲಿಲ್ಲ. ಹೊಸದಾಗಿ ಬರೆಯುವವರಿಗೆ ಒಂದೇ ಒಂದು ಅಭ್ಯಾಸ ಹೇಳು ಅಂದರೆ ಇದನ್ನೇ ಹೇಳುತ್ತೇನೆ.

ದತ್ತಪದಿ ಅಷ್ಟು ಫಲ ಕೊಡಲಿಲ್ಲ. ಗ್ಯಾಸ್ ಸಿಲಿಂಡರ್, ಜಾತಕ, ಛತ್ರಿ, ಜ್ವರ ಅಂತ ಕೊಟ್ಟರೆ ಪದಗಳನ್ನು ಹೊಂದಿಸುವ ಜಾಣತನದಲ್ಲೇ ಪುಟ ತುಂಬಿ, ಪಾತ್ರ ಹಿಂದೆ ಸರಿಯುತ್ತದೆ. ಬೇಸರದ ದಿನಗಳಲ್ಲಿ ಕೈ ಬಿಸಿಯಾಗಲು ಸಾಕು.

ಬರೆದದ್ದನ್ನು ಅವತ್ತೇ ಓದುವುದಿಲ್ಲ. ಭಾನುವಾರ ಇಡೀ ವಾರದ ಪುಟಗಳನ್ನು ಗಟ್ಟಿಯಾಗಿ ಓದುತ್ತೇನೆ, ನಾಲಿಗೆ ಎಡವಿದಲ್ಲಿ ಪೆನ್ಸಿಲಿನಿಂದ ಗೆರೆ ಎಳೆಯುತ್ತೇನೆ. ಬಹುತೇಕ ಪುಟಗಳು ಅಲ್ಲಿಗೇ ಮುಗಿಯುತ್ತವೆ. ಉಳಿದ ಸಾಲುಗಳು ಬೇರೊಂದು ಪುಸ್ತಕಕ್ಕೆ ಹೋಗುತ್ತವೆ. ಅಕ್ಕಿ ಅಳೆದವಳು ಈಗ ಒಂದು ದೊಡ್ಡ ಕಥೆಯಲ್ಲಿದ್ದಾಳೆ. ಚೆಂಡು ಹುಡುಕಿದ ಹುಡುಗಿಯನ್ನು ಅವಳ ಸೊಸೆಯಾಗಿ ತರಬಹುದೇ ಎಂದು ನೋಡುತ್ತಿದ್ದೇನೆ.